ಹಳೇ ಸೈಕಲ್ಲಿಗೆ ಬೀಗದ ಸ್ಕ್ಯೂವರ್: ಕಳ್ಳರಿಗಿಂತ ಕೈ ಸುಮ್ಮನಿರದವರಿಗೆ

ನಮ್ಮ ದಾವಣಗೆರೆಯಲ್ಲಿ ಸೈಕಲ್ಲಿನ ಚಕ್ರ ಕದಿಯೋರು ಕಡಿಮೆ, ಚಕ್ರ ಬಿಗಿಯೋ ಲಿವರ್ ಎತ್ತಿ ನೋಡೋರು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಲಿವರ್ ಬದಲು ಕೀಯಿಂದ ಬಿಚ್ಚೋ ಈ ಸ್ಕ್ಯೂವರಿಗೆ, ಅಂದರೆ ಅಚ್ಚಿನೊಳಗೆ ತೂರಿ ಚಕ್ರ ಹಿಡಿಯೋ ಕಡ್ಡಿಗೆ, ನಾನು ಯಾಕೆ ದುಡ್ಡು ಹಾಕಿದೆ ಅನ್ನೋದು ಅರ್ಥವಾಗುತ್ತೆ. ಐಟಿಐನಲ್ಲಿ ಫಿಟ್ಟರ್ ಟ್ರೇಡಿಗೆ ಪಾಠ ಮಾಡಿ ರಿಟೈರಾದವನು ನಾನು, ಅಂಕ ಕೊಡೋದರಲ್ಲಿ ಸ್ವಲ್ಪ ಜಿಪುಣ. ಮುಂದಿನ ಚಕ್ರಕ್ಕೆ ಹತ್ತಕ್ಕೆ ಒಂಬತ್ತು ಕೊಡ್ತೀನಿ. ಹಿಂದಿನ ಚಕ್ರಕ್ಕೆ ಆರು, ಅದೂ ನಾನೇ ಒಂದು ಬದಲಾವಣೆ ಮಾಡಿಕೊಂಡ ಮೇಲೆ. ಬರೀ ಬೀಗ ಅಂತ ನೋಡಿದರೆ ನಾಲ್ಕೇ.

ಸಾಮಾನು ಇಷ್ಟು: ಐದು ಮಿಲಿಮೀಟರ್ ದಪ್ಪದ ಎರಡು ಉಕ್ಕಿನ ಕಡ್ಡಿ, ಮುಂದಿನದು ಗಿಡ್ಡ, ಹಿಂದಿನದು ಉದ್ದ. ಕಡ್ಡಿಯ ಒಂದು ತುದಿಗೆ ಐದು ಮೂಲೆಯ ತಲೆ, ಇನ್ನೊಂದು ತುದಿಗೆ ದುಂಡನೆಯ ಮುಚ್ಚಿದ ನಟ್ಟು. ಆ ಐದು ಮೂಲೆಗೆ ಕೂರುವ ಗಿಡ್ಡ ಕೀ ಒಂದು. ಪಾನಾಗೂ ಆರು ಮೂಲೆ, ಅಲೆನ್ ಕೀಗೂ ಆರು ಮೂಲೆ, ಹಾಗಾಗಿ ಮನೆಯಲ್ಲಿರೋ ಯಾವ ಹತ್ಯಾರವೂ ಇದಕ್ಕೆ ಸರಿಯಾಗಿ ಕೂರಲ್ಲ. ಇದರ ಬೀಗತನ ಅಷ್ಟೇ. ಆನ್‌ಲೈನಲ್ಲಿ ಸಾವಿರದ ಒಳಗೆ ಸಿಕ್ಕಿತು. ಪೊಟ್ಟಣದ ಮೇಲಿನ ಹೆಸರು ಬರೆಯಲ್ಲ. ಇದೇ ಮಾದರಿ ನಾಲ್ಕಾರು ಹೆಸರಲ್ಲಿ ಮಾರಾಟಕ್ಕಿದೆ, ನಾನು ಹೇಳೋ ಗುಣ ದೋಷ ನೋಡಿಕೊಂಡು ಯಾವ ಹೆಸರಿನದ್ದನ್ನಾದರೂ ತಗೊಳ್ಳಿ.

ಸೈಕಲ್ಲು ಎಂಬತ್ತರ ದಶಕದ ಜಪಾನಿ ರೋಡ್ ಬೈಕು. ಸ್ಟೀಲ್ ಫ್ರೇಮು, ಹಿಂದೆ ಆರು ಗೇರಿನ ಫ್ರೀವೀಲು, ಗೇರಿನ ಲಿವರ್ ಕೆಳಗಿನ ಪೈಪಿನ ಮೇಲೆ. ನನ್ನ ತಮ್ಮ ಬೆಂಗಳೂರಲ್ಲಿ ಯಾರದೋ ಗ್ಯಾರೇಜಿನಿಂದ ಬಿಡಿಸಿಕೊಂಡು ಬಂದು, ಸೊಂಟ ನೋವು ಶುರುವಾದ ಮೇಲೆ ನನಗೆ ಸಾಗಹಾಕಿದ. ಬಣ್ಣದ ಮೇಲೆ ಬಣ್ಣ ಬಿದ್ದು ಕಂಪನಿ ಹೆಸರು ಮುಚ್ಚಿಹೋಗಿದೆ. ಬೆಳಗ್ಗೆ ಕುಂದುವಾಡ ಕೆರೆ, ಗಾಜಿನ ಮನೆ ಕಡೆ ಒಂದು ಸುತ್ತು. ಮನಸ್ಸು ಬಂದ ದಿನ ಕೊಂಡಜ್ಜಿ ಇಲ್ಲವೇ ಹರಿಹರದ ಹೊಳೆ ತನಕ. ಸಂಜೆ ಮಂಡಿಪೇಟೆಗೆ ಸಾಮಾನು ತರೋಕೂ ಅದೇ ಸೈಕಲ್ಲು.

ಕ್ವಿಕ್ ರಿಲೀಸ್, ಅಂದರೆ ಆ ಲಿವರಿನ ವ್ಯವಸ್ಥೆ, ನೋಡದವರಿಗೆ ಎರಡು ಮಾತು. ನಮ್ಮ ಹೀರೋ, ಅಟ್ಲಾಸ್ ಸೈಕಲ್ಲಿನ ಅಚ್ಚು ಗಟ್ಟಿ ಸರಳು, ಎರಡೂ ಕಡೆ ನಟ್ಟು ಬಿಗಿದರೆ ಮುಗೀತು. ರೇಸಿನ ಸೈಕಲ್ಲಿನ ಅಚ್ಚಿನೊಳಗೆ ತೂತಿರುತ್ತೆ. ಮುಂದಿನ ಅಚ್ಚು 9 ಮಿಲಿಮೀಟರ್ ದಪ್ಪ, ಹಿಂದಿನದು 10. ಆ ತೂತಿನಲ್ಲಿ ಈ ಕಡ್ಡಿ ಹಾಯುತ್ತೆ. ಕಡ್ಡಿಯ ತುದಿಯ ಲಿವರ್ ಮಡಚಿದಾಗ ಒಳಗಿನ ಕ್ಯಾಮ್ (ಒಂದು ಕಡೆ ಉಬ್ಬಿದ ಗುಂಡು) ಎಳೆದು, ಫೋರ್ಕಿನ ಎರಡು ಬಾಯನ್ನೂ, ಅಂದರೆ ಅಚ್ಚು ಕೂರೋ ಸೀಳುಗಳನ್ನು, ಹಬ್ಬಿಗೆ (ಚಕ್ರದ ನಡುವಿನ ಗುಂಬಕ್ಕೆ) ಅವುಚಿ ಹಿಡಿಯುತ್ತೆ. ಇದರ ಹಿಂದಿರೋದು ಇಟಲಿಯ ತುಲ್ಲಿಯೊ ಕಂಪಾನ್ಯೋಲೊ ಅನ್ನೋ ರೇಸಿನವರು. ಆ ಕಾಲದಲ್ಲಿ ಗೇರ್ ಬದಲಾಯಿಸಬೇಕು ಅಂದರೆ ಹಿಂದಿನ ಚಕ್ರವನ್ನೇ ಬಿಚ್ಚಿ ತಿರುಗಿಸಿ ಹಾಕಬೇಕಿತ್ತು. 1927ರಲ್ಲಿ ಹಿಮ ಬೀಳೋ ಘಾಟಿಯಲ್ಲಿ ಬೆರಳು ಮರಗಟ್ಟಿ ನಟ್ಟು ಬಿಚ್ಚೋಕಾಗದೆ ರೇಸು ಸೋತರು, ಆ ಹಟಕ್ಕೆ ಇದನ್ನು ಯೋಚಿಸಿದರು ಅಂತ ಕತೆ ಹೇಳ್ತಾರೆ. ಕತೆ ಎಷ್ಟು ನಿಜವೋ, 1933ರಲ್ಲಿ ವಿಚೆಂಜಾ ಊರಲ್ಲಿ ಅವರು ಕಟ್ಟಿದ ಕಂಪನಿ ಇವತ್ತಿಗೂ ಇದೆ. ನಾನು ಹೇಳೋದು ಏನಂದರೆ, ಅದು ರೇಸಿಗೆ ಅಂತ ಹುಟ್ಟಿದ ಸಾಧನ. ಸೈಕಲ್ಲನ್ನು ಬೆಣ್ಣೆ ದೋಸೆ ಹೋಟ್ಲಿನ ಮುಂದೆ ಒಂಟಿಯಾಗಿ ನಿಲ್ಲಿಸಿ ಒಳಗೆ ಹೋಗೋ ಮನುಷ್ಯನ ಲೆಕ್ಕ ಅದರಲ್ಲಿ ಇರಲೇ ಇಲ್ಲ.

ಅಲ್ಲೇ ತೊಂದರೆ. ಸಂತೆಯಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡೋ ಹಾಗೆ ಜನ ಲಿವರ್ ಎತ್ತಿ ನೋಡ್ತಾರೆ. ಕೆಟ್ಟ ಉದ್ದೇಶವೇನೂ ಇರಲ್ಲ. ಕಾಲೇಜು ಹುಡುಗರು, ವಾಚ್‌ಮನ್ನು, ಒಂದು ಸಲವಂತೂ ಪಂಚೆ ಉಟ್ಟ ಹಿರಿಯರೊಬ್ಬರು. ಅವರನ್ನೇ ಹಿಡಿದು ಕೇಳಿದೆ.

"ಏನ್ ನೋಡ್ತಿದ್ರಿ ಯಜಮಾನ್ರೇ?"

"ಇದು ಬ್ರೇಕ್ ಏನೋ ಅನ್ಕಂಡೆ ಕಣಪ್ಪ. ಎತ್ತಿದ್ರೆ ಸಲೀಸಾಗಿ ಬಂತು. ವಾಪಸ್ ಹಾಕಿದೀನಿ ನೋಡು."

ವಾಪಸ್ ಹಾಕಿದ್ದರು, ನಿಜ. ಲಿವರ್ ಮಡಚಿಯೇ ಇತ್ತು. ಆದರೆ ಆ ಕಡೆ ನಟ್ಟನ್ನೂ ಒಂದೆರಡು ಸುತ್ತು ತಿರುಗಿಸಿ ನೋಡಿದ್ದರು, ಹಾಗಾಗಿ ಬಿಗಿ ಸೊನ್ನೆ. ಇದು ಕಳ್ಳತನಕ್ಕಿಂತ ಅಪಾಯ. ಚಕ್ರ ಕಳುವಾದರೆ ಬೈಕೊಂಡು ಆಟೋ ಹತ್ತಿ ಮನೆಗೆ ಹೋಗಬಹುದು. ಅರ್ಧ ಸಡಿಲಾದ ಮುಂದಿನ ಚಕ್ರ ನೋಡೋಕೆ ಸರಿಯಾಗೇ ಇರುತ್ತೆ, ಪಿ.ಬಿ. ರಸ್ತೆಯಲ್ಲಿ ಮೊದಲನೇ ಹಂಪಿನ ತನಕ.

ಹೊಸ ಫೋರ್ಕುಗಳಲ್ಲಿ ಇದಕ್ಕೊಂದು ಕಾವಲು ಇದೆ. ಬಾಯಿಯ ಅಂಚಿನಲ್ಲಿ ಸಣ್ಣ ತುಟಿ ಎದ್ದಿರುತ್ತೆ, ಲಿವರ್ ಪೂರ್ತಿ ತೆರೆದರೂ ನಟ್ಟನ್ನು ಇನ್ನಷ್ಟು ಬಿಚ್ಚದೆ ಚಕ್ರ ಕಳಚಿ ಬೀಳಲ್ಲ. ಅಮೆರಿಕದಲ್ಲಿ ಚಕ್ರ ಬಿದ್ದು ಕೋರ್ಟು ಕಚೇರಿ ಆದ ಮೇಲೆ ಅದು ಎಲ್ಲ ಕಡೆ ಬಂತು. ನನ್ನ ಫೋರ್ಕಿಗೆ ಆ ತುಟಿ ಇಲ್ಲ. ಬಾಯಿ ನುಣ್ಣಗಿದೆ. ಸೈಕಲ್ಲನ್ನು ಎತ್ತಿದರೆ ಚಕ್ರ ಅಲ್ಲೇ ನೆಲದ ಮೇಲೆ ಉಳಿಯುತ್ತೆ. ಹಳೇ ರೋಡ್ ಬೈಕ್ ಇಟ್ಟುಕೊಂಡವರು ಒಮ್ಮೆ ಬಗ್ಗಿ ನೋಡಿಕೊಳ್ಳಿ. ತುಟಿ ಇಲ್ಲದಿದ್ದರೆ ಲಿವರ್ ತೆಗೆದುಹಾಕೋದಕ್ಕೆ ಬೇರೆ ಕಾರಣವೇ ಬೇಡ.

ಲಿವರ್ ತೆಗೆಯೋಕೆ ದಾರಿ ಹಲವು. ದುಬಾರಿ ಜಾತಿಯಲ್ಲಿ ಕೆನಡಾದ ಪಿನ್‌ಹೆಡ್, ಜರ್ಮನಿಯ ಪಿಟ್‌ಲಾಕ್ ಇವೆ. ಇವಕ್ಕೆ ಒಬ್ಬೊಬ್ಬರಿಗೆ ಒಂದೊಂದು ನಮೂನೆಯ ಕೀ, ಜೊತೆಗೆ ಕೋಡ್ ಬರೆದ ಕಾರ್ಡು. ಕೀ ಕಳೆದರೆ ಕೋಡ್ ಕೊಟ್ಟು ಇನ್ನೊಂದು ತರಿಸಬಹುದು. ಬರ್ಲಿನ್ನಿನ ಹೆಕ್ಸ್‌ಲಾಕ್ಸ್ ಬೇರೆ ಉಪಾಯ. ಸಾದಾ ಅಲೆನ್ ತಲೆಯ ಗುಂಡಿಯೊಳಗೆ ಒಂದು ಸಣ್ಣ ಬಿಲ್ಲೆ ಕೂರಿಸ್ತಾರೆ, ಅಯಸ್ಕಾಂತದಿಂದ ಅದು ಅಂಟಿಕೊಂಡು ಅಲೆನ್ ಕೀಗೆ ಜಾಗವೇ ಇಲ್ಲದಂತೆ ಮಾಡುತ್ತೆ. ಉಕ್ಕಿನ ಬೋಲ್ಟ್ ಆಗಿರಬೇಕು, ಅಲ್ಯೂಮಿನಿಯಂ ಟೈಟೇನಿಯಂಗೆ ಹಿಡಿಯಲ್ಲ. ಸೈಕಲ್ಲನ್ನು ಅಡ್ಡ ಮಲಗಿಸಿದರೆ ಮಾತ್ರ ಬಿಚ್ಚಿಕೊಳ್ಳೋ ಜಾತಿಯೂ ಇದೆ. ಸೈಕಲ್ಲನ್ನು ಕಂಬಕ್ಕೆ ಕಟ್ಟಿದ್ದರೆ ಮಲಗಿಸೋಕಾಗಲ್ಲ, ಅದೇ ಅದರ ಬೀಗ. ಜಾಣತನ ಒಪ್ಪಿದೆ. ಆದರೆ ನಮ್ಮಲ್ಲಿ ಸೈಕಲ್ಲು ಕಟ್ಟೋಕೆ ಕಂಬ ಎಲ್ಲಿದೆ? ಸ್ಟ್ಯಾಂಡ್ ಹಾಕಿ ಗೋಡೆಗೆ ಒರಗಿಸಿದ್ದನ್ನು ಯಾರು ಬೇಕಾದರೂ ಮಲಗಿಸಬಹುದು.

ಹೊರದೇಶದ್ದಕ್ಕೆ ಸಾಗಣೆ, ಸುಂಕ ಸೇರಿಸಿದರೆ ನನ್ನ ಸೈಕಲ್ಲಿನ ಬೆಲೆಗೇ ಹತ್ತಿರ ಹೋಗುತ್ತೆ. ಅತ್ತ ಅತಿ ಅಗ್ಗದ್ದು ಅಂದರೆ ಸಾದಾ ಅಲೆನ್ ತಲೆಯ ಸ್ಕ್ಯೂವರ್. ಐದು ನಂಬರ್ ಅಲೆನ್ ಕೀ ಇದ್ದರೆ ಸಾಕು. ನಿಜ ಹೇಳಬೇಕಂದರೆ ದಾವಣಗೆರೆಗೆ ಅದೇ ಸಾಕು. ಕೈ ಸುಮ್ಮನಿರದವರ ಜೇಬಲ್ಲಿ ಅಲೆನ್ ಕೀ ಇರಲ್ಲ. ನಾನು ಐದು ಮೂಲೆಯದ್ದಕ್ಕೆ ಹೋಗಿದ್ದು, ಇಂಜಿನಿಯರಿಂಗ್ ಕಾಲೇಜುಗಳ ಕಡೆ ಗೇರ್ ಸೈಕಲ್ ಓಡಿಸೋ ಹುಡುಗರ ಬ್ಯಾಗಲ್ಲಿ ಅಲೆನ್ ಸೆಟ್ ಇದ್ದೇ ಇರುತ್ತೆ, ಅವರಿಗೆ ಕುತೂಹಲವೂ ಜಾಸ್ತಿ ಅಂತ.

ಪೊಟ್ಟಣ ಬಂದ ಮೇಲೆ ಮೊದಲು ವರ್ನಿಯರ್ ಹಿಡಿದೆ, ಪಾನಾ ಆಮೇಲೆ. ಮಾರೋರ ಪುಟದಲ್ಲಿ "ಎಲ್ಲ ಸೈಕಲ್ಲಿಗೂ ಹೊಂದುತ್ತದೆ" ಅಂತಿತ್ತು. ಫಿಟ್ಟಿಂಗ್ ಕಲಿಸಿದವನು ಆ ಮಾತು ನಂಬಿದರೆ ಹಳೇ ಶಿಷ್ಯರು ನಗ್ತಾರೆ. ಮುಂದಿನ ಹಬ್ಬು ಎರಡು ಲಾಕ್ ನಟ್ಟಿನ ನಡುವೆ 100 ಮಿಲಿಮೀಟರ್. ಅದು ಹಳೇದರಲ್ಲೂ ಹೊಸದರಲ್ಲೂ ಸಾಮಾನ್ಯವಾಗಿ ಒಂದೇ, ಅಲ್ಲಿ ತಕರಾರಿಲ್ಲ. ಹಿಂದಿನದೇ ಗೋಜಲು. ಆರೇಳು ಗೇರಿನ ಕಾಲದ ರೋಡ್ ಬೈಕು 126, ಆಮೇಲೆ ಬಂದದ್ದು 130, ಮೌಂಟನ್ ಬೈಕು 135. ನನ್ನದು 126. ಬಂದಿರೋ ಕಡ್ಡಿ 135ಕ್ಕೆ ಮಾಡಿದ್ದು. ಒಂಬತ್ತು ಮಿಲಿಮೀಟರ್ ಹೆಚ್ಚು.

ಹೆಚ್ಚಿದ್ದರೆ ಏನಾಯ್ತು, ಹೊರಗೆ ಚಾಚಿಕೊಂಡಿರುತ್ತೆ ಅಷ್ಟೇ ತಾನೆ ಅನ್ನಬಹುದು. ತುದಿ ತೆರೆದ ನಟ್ಟಾದರೆ ಸರಿ. ಬೀಗದ ನಟ್ಟಿನ ತುದಿ ಮುಚ್ಚಿರುತ್ತೆ, ಇಕ್ಕಳಕ್ಕೆ ಹಿಡಿತ ಸಿಗಬಾರದು ಅಂತ. ಕಡ್ಡಿ ಉದ್ದವಾದರೆ ಅದರ ತುದಿ ಆ ಮುಚ್ಚಳದ ತಳಕ್ಕೆ ಹೋಗಿ ತಾಗುತ್ತೆ. ಕೀ ತಿರುಗಿಸೋ ಕೈಗೆ ಬಿಗಿ ಹತ್ತಿದ ಹಾಗೇ ಅನ್ನಿಸುತ್ತೆ, ಇನ್ನು ತಿರುಗಲ್ಲ. ಆದರೆ ಆ ಬಿಗಿ ಕಡ್ಡಿಗೂ ನಟ್ಟಿಗೂ ನಡುವಿನದ್ದು. ಚಕ್ರಕ್ಕೆ ಅದರ ಪಾಲು ಏನೂ ಇಲ್ಲ. ಈ ಒಂದು ವಿಷಯಕ್ಕೋಸ್ಕರವೇ ಇಷ್ಟು ಉದ್ದ ಬರೀತಿದ್ದೀನಿ ಅಂದುಕೊಳ್ಳಿ. ಹಳೇ ಸೈಕಲ್ಲಿಗೆ ಬೀಗದ ಸ್ಕ್ಯೂವರ್ ಹಾಕಿದ ಮೇಲೆ ನಟ್ಟು ಫೋರ್ಕಿಗೆ ಕಚ್ಚಿದೆಯಾ ಅಂತ ಕಣ್ಣಿಂದ ನೋಡಬೇಕು, ಕೈ ಬಿಗಿ ನಂಬಬಾರದು. ಬಿಚ್ಚಿದಾಗ ಫೋರ್ಕಿನ ಮೇಲೆ ನಟ್ಟಿನ ಹಲ್ಲಿನ ಗುರುತು ಬಿದ್ದಿರಬೇಕು. ಬಿದ್ದಿಲ್ಲ ಅಂದರೆ ಅದು ಹಿಡಿದೇ ಇಲ್ಲ.

ಹಾಗಾದರೆ ಕಡ್ಡಿ ಕೊಯ್ಯಬೇಕು. ಅದಕ್ಕೂ ಮೊದಲು ಎಳೆ, ಅಂದರೆ ನಟ್ಟು ಹತ್ತೋ ತಿರುಪಿನ ಗೀರು, ಎಲ್ಲಿ ತನಕ ಇದೆ ನೋಡಬೇಕು. ತುದಿ ಕೊಯ್ದರೆ ನಟ್ಟು ಅಷ್ಟು ಒಳಗೆ ಬರಬೇಕಲ್ಲ, ಅಲ್ಲಿ ಎಳೆ ಇಲ್ಲದಿದ್ದರೆ ಎಳೆ ಮುಗಿದ ಜಾಗದಲ್ಲಿ ನಟ್ಟು ನಿಂತು ಮತ್ತೆ ಅದೇ ಸುಳ್ಳು ಬಿಗಿ. ನನ್ನದರಲ್ಲಿ ಎಳೆ ಧಾರಾಳವಾಗಿತ್ತು. ಬೇರೆ ಒಂದು ಎಂ5 (ಐದು ಮಿಲಿಮೀಟರ್ ಎಳೆಯ) ನಟ್ಟನ್ನು ಮೊದಲೇ ಕೊಯ್ಯೋ ಜಾಗದ ಒಳಗಡೆಗೆ ತಿರುಗಿಸಿ ಇಟ್ಟು, ಮರದ ತುಂಡಿನ ನಡುವೆ ವೈಸಿಗೆ ಹಿಡಿದು, ಆಕ್ಸಾ ಬ್ಲೇಡಲ್ಲಿ ಕೊಯ್ದು, ಅರದಿಂದ ತುದಿಯ ಅಂಚು ಒರೆಸಿ, ಆಮೇಲೆ ಆ ನಟ್ಟನ್ನು ಹೊರಗೆ ತೆಗೆದೆ. ಬರುವಾಗ ಅದೇ ಎಳೆಯ ಸಿಗುರನ್ನು ಸರಿ ಮಾಡಿಕೊಂಡು ಬರುತ್ತೆ. ಇದನ್ನು ಮೊದಲ ವರ್ಷದ ಹುಡುಗರಿಗೆ ಎಷ್ಟು ಬ್ಯಾಚಿಗೆ ಹೇಳಿದ್ದೀನೋ.

ಇನ್ನೊಂದು ಅಳತೆ ಅಚ್ಚಿನದು. ಅಚ್ಚಿನ ತುದಿ ಫೋರ್ಕಿನ ಬಾಯಿಯ ದಪ್ಪಕ್ಕಿಂತ ಒಳಗೇ ಇರಬೇಕು. ಹೊರಗೆ ಇಣುಕಿದರೆ ನಟ್ಟು ಹೋಗಿ ಅಚ್ಚಿನ ತುದಿಗೆ ಕೂರುತ್ತೆ, ಫೋರ್ಕನ್ನು ಮುಟ್ಟಲ್ಲ. ಹಳೇ ಫೋರ್ಕಿನ ಬಾಯಿ ತೆಳ್ಳಗಿರುತ್ತೆ. ಯಾರೋ ಯಾವಾಗಲೋ ಹೊಸ ಹಬ್ಬು ಹಾಕಿಸಿದ್ದರೆ ಇದನ್ನು ನೋಡಲೇಬೇಕು. ಸ್ಕ್ಯೂವರ್ ಜೊತೆ ಬರೋ ಶಂಕು ಆಕಾರದ ಸ್ಪ್ರಿಂಗಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಬೇಡ. ಹಾಕಿದರೆ ಸಣ್ಣ ಬಾಯಿ ಹಬ್ಬಿನ ಕಡೆಗಿರಲಿ. ಅದಕ್ಕೂ ಹಿಡಿತಕ್ಕೂ ಸಂಬಂಧವಿಲ್ಲ.

ಕಡ್ಡಿ ಕೊಯ್ದದ್ದು ಮನೆಯಲ್ಲಿ, ಹಬ್ಬಿನ ಕೆಲಸಕ್ಕೆ ಮಾತ್ರ ಮಂಡಿಪೇಟೆ ಕಡೆಯ ನಮ್ಮ ಮೇಸ್ತ್ರಿ ಹತ್ತಿರ ಹೋದೆ. ಕೋನ್ ಪಾನಾ ಅಂತ ತೆಳ್ಳಗಿನ ಪಾನಾ ಬೇಕು ಇದಕ್ಕೆ, ಅದು ಅವನ ಹತ್ತಿರ ಇದೆ. ಗೇರ್ ಸೈಕಲ್ಲು ಮುಟ್ಟೋಕೆ ಹೆದರದ ಅಂಗಡಿ ನಮ್ಮೂರಲ್ಲಿ ಹುಡುಕಿದರೆ ಸಿಗುತ್ತೆ, ಆದರೆ ಕೈಬೆರಳಲ್ಲೇ ಹಬ್ಬಿನ ಆಟ, ಅಂದರೆ ಸಡಿಲು, ಅಳೆಯೋನು ಇವನೊಬ್ಬನನ್ನೇ ನಾನು ನೋಡಿರೋದು.

"ಏನ್ ಮೇಷ್ಟ್ರೇ, ಚಕ್ರಕ್ಕೂ ಬೀಗ ಹಾಕೋ ಕಾಲ ಬಂತಾ?"

"ಬೀಗಕ್ಕಲ್ಲಪ್ಪ, ಲಿವರ್ ತೆಗೆಯೋಕೆ."

"ಅಷ್ಟಕ್ಕೆ ಇದ್ಯಾಕ್ರಿ? ಗಟ್ಟಿ ಅಚ್ಚು ಹಾಕಿ ಎರಡು ನಟ್ ಕೂರಿಸ್ಬಿಡಾನ. ನೂರೈವತ್ತರಾಗೆ ಮುಗೀತತಿ."

ಅವನ ಮಾತು ತೆಗೆದುಹಾಕೋ ಹಾಗಿಲ್ಲ. ಹಬ್ಬಿಗೆ ಸರಿಯಾದ ಗಟ್ಟಿ ಅಚ್ಚು ಸಿಕ್ಕರೆ ಅದೇ ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ಅಗ್ಗ. ಅಡ್ಡಿ ಎಳೆಯದು. ಅವನ ಡಬ್ಬಿಯಲ್ಲಿದ್ದ ಅಚ್ಚುಗಳೆಲ್ಲ ನಮ್ಮ ಸಾದಾ ಸೈಕಲ್ಲಿನವು, ಇಂಚಿನ ಲೆಕ್ಕದ ಎಳೆ. ನನ್ನ ಜಪಾನಿ ಕೋನ್, ಅಂದರೆ ಅಚ್ಚಿನ ಮೇಲೆ ತಿರುಗಿ ಹಬ್ಬಿನ ಬಾಲ್ಸಿಗೆ ಒತ್ತಿ ಕೂರೋ ಶಂಕು ನಟ್ಟು, ಮೆಟ್ರಿಕ್. ಅವನೇ ಒಂದು ತಿರುಗಿಸಿ ನೋಡಿ, ಒಂದೂವರೆ ಸುತ್ತಿಗೆ ಕಚ್ಚಿಕೊಂಡಿದ್ದು ಕಂಡು, "ಬ್ಯಾಡ ಬಿಡ್ರಿ, ಕೋನ್ ಹಾಳಾಗತತಿ" ಅಂತ ವಾಪಸ್ ಡಬ್ಬಿಗೆ ಹಾಕಿದ. ಬಲವಂತವಾಗಿ ತಿರುಗಿಸದೆ ನಿಲ್ಲಿಸಿದ್ದಕ್ಕೆ ಅವನಿಗೆ ನನ್ನ ಕಡೆಯಿಂದ ಹತ್ತಕ್ಕೆ ಹತ್ತು.

ಕೋನ್ ಯಾಕೆ ಮುಟ್ಟಬೇಕಿತ್ತು ಅಂದರೆ, ಒಳಗೆ ತೂತಿರೋ ಅಚ್ಚನ್ನು ಸ್ಕ್ಯೂವರ್ ಅದುಮಿದಾಗ ಅದು ಕೂದಲೆಳೆಯಷ್ಟು ಕುಗ್ಗುತ್ತೆ. ಆಗ ಕೋನ್ ಬಾಲ್ಸಿನ ಮೇಲೆ ಇನ್ನಷ್ಟು ಕೂರುತ್ತೆ. ಅದಕ್ಕೇ ಚಕ್ರ ಕೈಯಲ್ಲಿರುವಾಗ ಹಬ್ಬಿನಲ್ಲಿ ಸ್ವಲ್ಪ ಆಟ ಬಿಟ್ಟು, ಬಿಗಿದಾಗ ಆ ಆಟ ಮಾಯವಾಗೋ ಹಾಗೆ ಹದ ಮಾಡ್ತಾರೆ. ಲಿವರಿನ ಕ್ಯಾಮಿನ ಒತ್ತು ಒಂದು, ಕೀಯಿಂದ ತಿರುಗಿಸಿದ ಬೋಲ್ಟಿನ ಒತ್ತು ಇನ್ನೊಂದು. ಲಿವರಿಗೆ ಹದ ಮಾಡಿದ್ದ ಹಬ್ಬು ಈ ಹೊಸ ಕಡ್ಡಿಗೆ ಹಾಗೇ ಹೊಂದುತ್ತೆ ಅನ್ನೋ ಖಾತರಿ ಇಲ್ಲ. ನನ್ನ ಮುಂದಿನ ಚಕ್ರ ಬಿಗಿದ ಮೇಲೂ ಸಣ್ಣಗೆ ಅಲ್ಲಾಡ್ತಿತ್ತು. ಮೇಸ್ತ್ರಿ ಲಾಕ್ ನಟ್ಟು ಸಡಿಲಿಸಿ, ಕೋನ್ ಒಂದಿಷ್ಟೇ ಇಷ್ಟು ಮುಂದೆ ತಂದು, ಮತ್ತೆ ಬಿಗಿದು, ರಿಮ್ಮು ಹಿಡಿದು ಅಲ್ಲಾಡಿಸಿ, ಬಿಟ್ಟು ತಿರುಗಿಸಿ, ತನ್ನಷ್ಟಕ್ಕೆ ನಿಲ್ಲೋ ತನಕ ನೋಡುತ್ತಾ ಕೂತ. ವಾಲ್ವು ಕೆಳಗೆ ಬಂದು ನಿಲ್ಲೋ ಮೊದಲು ಗಡಿಯಾರದ ಲೋಲಕದ ತರ ಹಿಂದೆ ಮುಂದೆ ತೂಗಿದರೆ ಬಾಲ್ಸು ಹಗುರ ಇದೆ ಅಂತ ಅರ್ಥ. ತೂಗಿತು. ಎಂಬತ್ತು ರೂಪಾಯಿ ಕೇಳಿದ, ನೂರು ಕೊಟ್ಟೆ.

ಬಿಗಿ ಎಷ್ಟು ಅಂತ ಪೊಟ್ಟಣದ ಚೀಟಿಯಲ್ಲಿ ಬರೆದೇ ಇಲ್ಲ. ಎಂ5 ಎಳೆ ಅಂದರೆ ಬಡಪಾಯಿ. ಸಾಮಾನ್ಯ 8.8 ದರ್ಜೆಯ ಉಕ್ಕಿನ ಬೋಲ್ಟಿಗೆ ಐದಾರು ನ್ಯೂಟನ್ ಮೀಟರ್ ಅಂತ ನಾವು ಲೆಕ್ಕ ಹಿಡಿಯೋದು. ಕೀ ಗಿಡ್ಡವಾಗಿರೋದು ಒಳ್ಳೇದಕ್ಕೇ. ಅದಕ್ಕೆ ಪೈಪು ತುರುಕಿ ಉದ್ದ ಮಾಡಿ ತಿರುಗಿಸಿದರೆ ಎಳೆ ಕಿತ್ತುಬರುತ್ತೆ. ಎಳೆಗೆ, ತಲೆಯ ಕೆಳಗೆ ಚೂರು ಗ್ರೀಸು ಹಚ್ಚಿ. ಒಣ ಬೋಲ್ಟು ತಿರುಗೋದಕ್ಕೇ ಬಲದ ದೊಡ್ಡ ಪಾಲು ತಿಂದುಬಿಡುತ್ತೆ.

ಮುಂದಿನ ಚಕ್ರದ ಕತೆ ಇಲ್ಲಿಗೆ ಮುಗೀತು, ಸುಖಾಂತ. ಹಾಕಿದ ಮೇಲೆ ಅಲ್ಲಾಡಿಲ್ಲ. ಹೋಟ್ಲಿನ ಮುಂದೆ ಬಂದು ಬಗ್ಗಿ ನೋಡೋರು ಈಗಲೂ ಇದ್ದಾರೆ, ಎತ್ತೋಕೆ ಏನೂ ಸಿಗದೆ ಗಂಟೆ ಹೊಡೆದು ಹೋಗ್ತಾರೆ.

ಹಿಂದಿನ ಚಕ್ರ ಬೇರೆ ಪುರಾಣ. ಹಳೇ ರೋಡ್ ಫ್ರೇಮಿನಲ್ಲಿ ಹಿಂದಿನ ಅಚ್ಚು ಕೂರೋ ಬಾಯಿ ಅಡ್ಡಕ್ಕೆ ಉದ್ದವಾಗಿರುತ್ತೆ, ಮುಂದಕ್ಕೆ ತೆರೆದಿರುತ್ತೆ. ಈಗಿನವು ಕೆಳಕ್ಕೆ ತೆರೆದಿರ್ತವೆ, ಚೈನು ಎಷ್ಟು ಎಳೆದರೂ ಅಚ್ಚು ಹೋಗೋಕೆ ಜಾಗ ಇಲ್ಲ. ಅಡ್ಡ ಬಾಯಿಯಲ್ಲಿ ಚೈನಿನ ಎಳೆತ ತಡೆಯೋದು ಸ್ಕ್ಯೂವರಿನ ಹಿಡಿತ ಒಂದೇ. ಹಿಡಿತ ಸೋತರೆ ಬಲಗಡೆ ಮುಂದಕ್ಕೆ ಜಾರುತ್ತೆ, ಚಕ್ರ ಸೊಟ್ಟಗಾಗಿ ಟೈರು ಎಡಗಡೆ ಪೈಪಿಗೆ ಉಜ್ಜುತ್ತೆ. ಹಳೇ ಕ್ವಿಕ್ ರಿಲೀಸುಗಳ ನಟ್ಟು ಉಕ್ಕಿನದಾಗಿ, ಮುಖದ ತುಂಬ ಚೂಪು ಹಲ್ಲು ಕೊರೆದಿರುತ್ತಿದ್ದರು, ಇದೇ ಕಾರಣಕ್ಕೆ. ಈ ಬೀಗದ ಸೆಟ್ಟಿನ ನಟ್ಟು ಅಲ್ಯೂಮಿನಿಯಂ. ಹಲ್ಲು ಇದೆ, ಕಚ್ಚೋ ಹಲ್ಲಲ್ಲ. ಇದನ್ನು ಮಾಡಿದವರ ತಲೆಯಲ್ಲಿ ಹೊಸ ಫ್ರೇಮುಗಳೇ ಇದ್ದವು ಅಂತ ಕಾಣುತ್ತೆ.

ಬಾಯಿಯ ಅಂಚಿಗೆ ಪೆನ್ಸಿಲ್ಲಿಂದ ಗೀಟು ಹಾಕಿ, ಮನೆ ಹತ್ತಿರದ ರೈಲ್ವೆ ಮೇಲ್ಸೇತುವೆಯ ಏರಲ್ಲಿ ದೊಡ್ಡ ಗೇರಲ್ಲಿ ನಿಂತು ತುಳಿದೆ. ಇಳಿದು ನೋಡಿದರೆ ಬಲಗಡೆ ಗೀಟು ಕೂದಲಷ್ಟು ಸರಿದಿತ್ತು. ಇಷ್ಟು ಸರಿಯೋದು ದುರ್ಗದ ಏರಲ್ಲಿ ಎಷ್ಟಾಗುತ್ತೆ ಅಂತ ಲೆಕ್ಕ ಹಾಕೋಕೆ ಹೋಗಲಿಲ್ಲ. ಹಳೇ ಕ್ವಿಕ್ ರಿಲೀಸಿನ ಉಕ್ಕಿನ ನಟ್ಟು ತೆಗೆದು ಈ ಕಡ್ಡಿಗೆ ತಿರುಗಿಸಿ ನೋಡಿದೆ. ಅದೂ ಎಂ5, ಎಳೆ ಸರಿಯಾಗಿ ಕೂತಿತು. ಬಲಗಡೆಗೆ ಅದನ್ನು ಹಾಕಿ, ಐದು ಮೂಲೆಯ ತಲೆಯನ್ನು ಎಡಗಡೆಗೆ ಬಿಟ್ಟೆ. ಬೀಗ ಅರ್ಧ ಸತ್ತಿತು. ಇಕ್ಕಳ ತಂದವನು ಆ ನಟ್ಟನ್ನು ತಿರುಗಿಸಬಹುದು. ತಿರುಗಿಸಲಿ. ಬೀಗ, ಹಿಡಿತ ಎರಡರಲ್ಲಿ ಒಂದು ಆರಿಸಿಕೋ ಅಂದರೆ ಹಿಂದಿನ ಚಕ್ರಕ್ಕೆ ನನಗೆ ಹಿಡಿತವೇ ಬೇಕು.

ಅದನ್ನು ಹಾಕಿಕೊಂಡು ಭರಮಸಾಗರದ ಮೇಲೆ ಚಿತ್ರದುರ್ಗಕ್ಕೆ ಹೋದೆ. ಗಾಳಿ ಎದುರಿಗಿತ್ತು. ಆ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಊರು ದಾಟಿ ಆಡುಮಲ್ಲೇಶ್ವರದ ಕಡೆಯಿಂದ ಜೋಗಿಮಟ್ಟಿ ಏರು ಹತ್ತಿದೆ. ನನ್ನ ವಯಸ್ಸಿಗೆ ಅಲ್ಲಿ ಕೂತು ತುಳಿಯೋದು ಸಾಧ್ಯವಿಲ್ಲ, ಎದ್ದು ನಿಂತು ಹ್ಯಾಂಡಲ್ ಎಳೀತಾ ತುಳೀಬೇಕು. ಚೈನಿಗೆ ಅದಕ್ಕಿಂತ ಕಷ್ಟ ಕೊಡೋಕೆ ನನ್ನಿಂದಾಗಲ್ಲ. ಪೆನ್ಸಿಲ್ ಗೀಟು ಇದ್ದಲ್ಲೇ ಇತ್ತು.

ಈಗ ಕೇಳಬಹುದು, ಹಿಂದಿನ ಚಕ್ರಕ್ಕೆ ಬೀಗವೇ ಬೇಡವೇ ಅಂತ. ಬೇಕು, ಬೇರೆ ರೀತಿಯದ್ದು. ನಾನು ಯು ಆಕಾರದ ಬೀಗ ಇಟ್ಟಿದ್ದೀನಿ. ಅದನ್ನು ಹಿಂದಿನ ರಿಮ್ಮು, ಫ್ರೇಮಿನ ಹಿಂಭಾಗದ ತ್ರಿಕೋನ ಎರಡೂ ಸೇರೋ ಹಾಗೆ, ಸಿಕ್ಕರೆ ಗೇಟಿನ ಸರಳನ್ನೂ ಸೇರಿಸಿ ಹಾಕಿದರೆ ಹಿಂದಿನ ಚಕ್ರ, ಫ್ರೇಮು ಎರಡೂ ಒಂದೇ ಬೀಗಕ್ಕೆ ಬಂತು. ಹೊರಗುಳಿಯೋದು ಮುಂದಿನ ಚಕ್ರ ಒಂದು, ಅದನ್ನು ಸ್ಕ್ಯೂವರ್ ನೋಡಿಕೊಳ್ಳುತ್ತೆ. ಬಿಡಿಯಾಗಿ ಮುಂದಿನದು ಮಾತ್ರ ಸಿಗೋ ಹಾಗಿದ್ದರೆ ನಾನು ಅದೊಂದನ್ನೇ ತಗೊಳ್ತಿದ್ದೆ.

ಬೀಗಕ್ಕೆ ನಾಲ್ಕೇ ಅಂಕ ಅಂದೆನಲ್ಲ, ಅದರ ಕಾರಣ ಕೀಯಲ್ಲಿದೆ. ಒಂದೇ ಕೀ ಬರುತ್ತೆ, ಕೋಡೂ ಇಲ್ಲ ಕಾರ್ಡೂ ಇಲ್ಲ. ಭರಮಸಾಗರದ ಹತ್ತಿರ ಪಂಕ್ಚರ್ ಆಗಿ, ಕೀ ದಾವಣಗೆರೆಯ ಇನ್ನೊಂದು ಪ್ಯಾಂಟಿನ ಜೇಬಲ್ಲಿದ್ದರೆ ಮುಗೀತು ಕತೆ. ಹರಿಹರದಲ್ಲಿ ಲೇತ್ ಅಂಗಡಿ ಇಟ್ಟಿರೋ ಹಳೇ ಶಿಷ್ಯನ ಹತ್ತಿರ ಹೋಗಿ ಇನ್ನೆರಡು ಮಾಡಿಸಿದೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ಲೇತು ಮಾಡೋಕೆ ಶುರು ಮಾಡಿದ ಊರದು. ಕಾರ್ಖಾನೆ ಮುಚ್ಚಿದರೂ ಕೈಗಳು ಉಳಿದಿವೆ.

"ಐದು ಮೂಲೆ ಅಂದ್ರೆ ಡಿವೈಡಿಂಗ್ ಹೆಡ್ಡಿಗೆ ಎಷ್ಟು ಸುತ್ತು ಹೇಳೋ?" ಅಂದೆ, ಬಾಯಿಗೆ ಬಂದ ಹಳೇ ಚಟ. ತುಂಡನ್ನು ಸಮ ಭಾಗವಾಗಿ ತಿರುಗಿಸೋ ಸಾಧನ ಅದು, ಹಿಡಿ ನಲವತ್ತು ಸುತ್ತಿದರೆ ತುಂಡು ಒಂದು ಸುತ್ತು.

"ನಲವತ್ತು ಭಾಗಿಸು ಐದು, ಎಂಟು ಸುತ್ತು ಸರ್. ಇದಕ್ಕೆ ತೂತು ತಟ್ಟೆನೂ ಬೇಡ," ಅಂತ ನಗುತ್ತಾ, ಮೊದಲು ಐದು ಮೂಲೆಯ ಉಕ್ಕಿನ ಗೂಟ ಒಂದು ಮಾಡಿ, ಮೆತ್ತಗಿನ ಪೈಪಿನ ತುಂಡನ್ನು ಕೆಂಪಗೆ ಕಾಯಿಸಿ ಅದರ ಮೇಲೆ ಬಡಿದು ಕೀ ಮಾಡಿಕೊಟ್ಟ. ಟೀ ಬಂದು ಖಾಲಿಯಾಗೋದರೊಳಗೆ ಒಂದು ತಯಾರು. ಅವನಿಗಾದರೆ ಕಳ್ಳನಿಗೂ ಆಗುತ್ತೆ. ಒಳ್ಳೇ ವೈಸ್ ಗ್ರಿಪ್ (ಕಚ್ಚಿ ಹಿಡಿದು ನಿಲ್ಲೋ ಇಕ್ಕಳ) ಇದ್ದರೆ ಅಷ್ಟು ಕಷ್ಟವೂ ಬೇಕಿಲ್ಲ, ತಲೆಯ ಅಂಚು ಹೊರಗೇ ಇದೆ. ಪಿನ್‌ಹೆಡ್ಡು, ಪಿಟ್‌ಲಾಕಿನಂಥವು ಹೆಚ್ಚು ದುಡ್ಡು ಕೇಳೋದು ಈ ಜಾಗದಲ್ಲೇ. ಬೆಂಗಳೂರಲ್ಲಿ ದಿನಾ ಮೆಟ್ರೋ ಸ್ಟೇಷನ್ ಮುಂದೆ ನಿಲ್ಲಿಸೋರಿಗೆ ಅದೇ ಸರಿ.

ಒಂದು ಕೀ ಸೀಟಿನ ಕೆಳಗಿನ ಚೀಲದಲ್ಲಿದೆ, ಒಂದು ಮನೆಯಲ್ಲಿ ಬೀಗದ ಕೈಗಳ ಗೊಂಚಲಿಗೆ. ಇನ್ನೊಂದು ಮಂಡಿಪೇಟೆ ಮೇಸ್ತ್ರಿ ಹತ್ತಿರ. ಮೇಲಿನ ಲೇಪ ಅಷ್ಟಕ್ಕಷ್ಟೇ, ಮೊದಲ ಮಳೆಗೇ ತಲೆಯ ಮೂಲೆಗಳಲ್ಲಿ ತುಕ್ಕು ಕಾಣಿಸಿತು. ಎಣ್ಣೆ ಬಟ್ಟೆಯಲ್ಲಿ ಒರೆಸ್ತಿದ್ದೀನಿ.

ನಮ್ಮ ಅಕ್ಕನ ಮಗ ಇದನ್ನು ನೋಡಿ, "ಮಾವ, ನಂದಕ್ಕೂ ಒಂದು ಸೆಟ್ ಹಾಕಿಕೊಡಿ" ಅಂದ. ಅವನದು ಡಿಸ್ಕ್ ಬ್ರೇಕಿನ ಮೌಂಟನ್ ಬೈಕು, ಕ್ವಿಕ್ ರಿಲೀಸೇ. ಈ ಸೆಟ್ ಬೇಡ ಅಂದೆ. ರಿಮ್ ಬ್ರೇಕು ಹಿಡಿದಾಗ ಚಕ್ರ ಬಾಯಿಯೊಳಗೇ ಕೂರುತ್ತೆ. ಡಿಸ್ಕಿನಲ್ಲಿ ಬ್ರೇಕು ಹಿಡಿಯೋದು ಎಡ ಫೋರ್ಕಿನ ಹಿಂದೆ, ಅದರ ಬಲ ಅಚ್ಚನ್ನು ಬಾಯಿಂದ ಹೊರಕ್ಕೆ ತಳ್ಳೋ ಕಡೆಗೇ. ಅಲ್ಯೂಮಿನಿಯಂ ಮುಖದ ನಟ್ಟನ್ನು ಅಲ್ಲಿಗೆ ನಾನು ಹಾಕಲ್ಲ. ಹಾಗಂತ ಲಿವರ್ ಇರೋದು ಪೂರ್ತಿ ನಿರಪಾಯ ಅಂತಲೂ ಅಲ್ಲ. 2015ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಸೈಕಲ್ಲು ವಾಪಸ್ ಕರೆಸಿದ್ದು, ತೆರೆದುಕೊಂಡ ಲಿವರ್ ತಿರುಗೋ ಡಿಸ್ಕಿಗೆ ಸಿಕ್ಕಿಕೊಂಡು ಚಕ್ರ ನಿಂತುಬಿಡಬಹುದು ಅಂತಲೇ. ಅವನ ಲಿವರ್ ಪೂರ್ತಿ ಹಿಂದಕ್ಕೆ ತಿರುಗಿಸಿ ನೋಡಿದೆವು, ಡಿಸ್ಕಿನಿಂದ ಒಂದು ಪೆನ್ಸಿಲ್ ತೂರುವಷ್ಟು ದೂರ ಇತ್ತು. ಹಾಗಾಗಿ ಸದ್ಯಕ್ಕೆ ಅದೇ ಇರಲಿ, ಮುಂದಿನ ಚಕ್ರಕ್ಕೆ ಒಂದು ಕೇಬಲ್ ಬೀಗ ಹಾಕು ಅಂದೆ. ಉಕ್ಕಿನ ಹಲ್ಲಿನದ್ದು ಅಲೆನ್ ತಲೆಯಲ್ಲಿ ಎಲ್ಲಾದರೂ ಸಿಕ್ಕರೆ ತರಿಸಿಕೊಡ್ತೀನಿ, ಹುಡುಕ್ತಿದ್ದೀನಿ.